ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಯ್ತು, ಕೇಳಬಹುದಾ ಸರ್?

ಪ್ರಶ್ನೆ: ನಮಸ್ಕಾರ ಸರ್. ಮಗಳು ಐದನೇ ಕ್ಲಾಸು. ಟೈಮ್‌ಟೇಬಲ್‌ನಲ್ಲಿ ವಾರಕ್ಕೆರಡು ಡ್ರಾಯಿಂಗ್ ಪೀರಿಯಡ್ ಇದೆ, ಆದರೆ ಗಣಿತದ ಮಿಸ್ ಬಂದು ಲೆಕ್ಕ ಮಾಡಿಸ್ತಾರೆ. ಪೋಷಕರ ಸಭೆಯಲ್ಲಿ ಕೇಳೋಣ ಅಂತಿದ್ದೀನಿ. ಕಲೆ ಕಲಿತರೆ ಗಣಿತವೂ ಚುರುಕಾಗುತ್ತೆ ಅಂತಾರಲ್ಲ, ಅದನ್ನೇ ಹೇಳಲಾ? ಇನ್ನೊಂದು, ಇತ್ತೀಚೆಗೆ ಅವಳೇ "ನಂಗೆ ಬರಲ್ಲ" ಅಂತ ಡ್ರಾಯಿಂಗ್ ಬುಕ್ ಮುಚ್ಚಿಡ್ತಾಳೆ.

ಉತ್ತರ (ಚಿತ್ರಕಲಾ ಶಿಕ್ಷಕ): ಖಂಡಿತ ಕೇಳಿ ಮೇಡಂ. ಆದರೆ ಗಣಿತದ ವಾದ ಬೇಡ, ಅದು ನಿಲ್ಲಲ್ಲ. ಮೊಜಾರ್ಟ್ ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತೆ ಅನ್ನೋ ಗದ್ದಲಕ್ಕೆ ಮೂಲವಾದ 1993ರ ಪ್ರಯೋಗ ನಡೆದದ್ದು 36 ಕಾಲೇಜು ವಿದ್ಯಾರ್ಥಿಗಳ ಮೇಲೆ. ಪರಿಣಾಮ ಹತ್ತು-ಹದಿನೈದು ನಿಮಿಷವಷ್ಟೇ ಉಳಿಯಿತು. 2000ದಲ್ಲಿ ಎಲೆನ್ ವಿನ್ನರ್, ಲೋಯಿಸ್ ಹೆಟ್‌ಲ್ಯಾಂಡ್ ಎಂಬ ಸಂಶೋಧಕರು ಕಲೆಗೂ ಓದಿಗೂ ಇರೋ ನಂಟಿನ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಕಲೆ ಕಲಿತ ಮಕ್ಕಳಿಗೆ ಅಂಕ ಹೆಚ್ಚಿದ್ದರೂ, ಚಿತ್ರಕಲೆಯಿಂದಲೇ ಹೆಚ್ಚಿತು ಎನ್ನಲು ಆಧಾರ ಸಿಗಲಿಲ್ಲ. ಅಂಕದ ಮಾತೆತ್ತಿದರೆ "ಹಾಗಾದರೆ ನೇರ ಲೆಕ್ಕವನ್ನೇ ಮಾಡಿಸ್ತೀವಿ" ಅಂತಾರೆ. ಅದೂ ನ್ಯಾಯವೇ!

ಹತ್ತನೇ ತರಗತಿಯವರೆಗೆ ಕಲೆ ಒಂದು ವಿಷಯವಾಗಿಯೇ ಇರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿತ್ತು. ಅಷ್ಟು ಸಾಕು, ಅದನ್ನು ಹಿಡಿದು ಕೇಳಿ. ಸಭೆಗೆ ಮುಂಚೆ ಡ್ರಾಯಿಂಗ್ ಮೇಷ್ಟ್ರನ್ನೊಮ್ಮೆ ಮಾತಾಡಿಸಿ. ಪೀರಿಯಡ್ ಬಿಟ್ಟುಕೊಟ್ಟು ಅವರೂ ಬೇಸತ್ತಿರಬಹುದು.

ಮಗಳ ವಿಷಯ ನನಗೆ ಹೆಚ್ಚು ಮುಖ್ಯ ಅನ್ನಿಸಿತು. ಏಳೆಂಟು ವರ್ಷದವರೆಗೆ ಮಕ್ಕಳು ಕೆಳಗೊಂದು ನೆಲದ ಗೆರೆ, ಮೇಲೊಂದು ನೀಲಿ ಪಟ್ಟಿ ಎಳೆದು ಆರಾಮಾಗಿರ್ತಾರೆ. ಮನೆ ಬರೆದರೆ ಗೋಡೆಯಾಚೆ ಒಳಗೆ ಕೂತ ಅಜ್ಜಿಯೂ ಕಾಣ್ತಾಳೆ. ಅದು ತಪ್ಪಲ್ಲ, ಬೆಳವಣಿಗೆಯ ಒಂದು ಘಟ್ಟ. ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಇದನ್ನು ವಿವರವಾಗಿ ಬರೆದಿದ್ದಾರೆ. ಒಂಬತ್ತು ದಾಟುತ್ತಲೇ "ನಿಜದ ಹಾಗಿಲ್ಲ" ಅನ್ನೋದು ಗೊತ್ತಾಗುತ್ತೆ. ಕಣ್ಣು ಮುಂದೆ ಹೋಗಿರುತ್ತೆ, ಕೈ ಹಿಂದೆ. ಬಹಳ ಮಕ್ಕಳು ಪೆನ್ಸಿಲ್ ಬಿಡೋದು ಇಲ್ಲೇ. ಜೊತೆಗೆ ನಿಲ್ಲೋರು ಬೇಕಾದ ಈ ವಯಸ್ಸಿಗೇ ಪೀರಿಯಡ್ ಕಿತ್ತುಕೊಂಡರೆ ಹೇಗೆ?

ಮನೆಯಲ್ಲಿ ಬಣ್ಣ ತುಂಬೋ ಪುಸ್ತಕ ಕೊಡಬೇಡಿ. ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ, ಆ ಹಳೇ ಚಿತ್ರವೂ ಇನ್ನು ಬೇಡ. ಒಂದು ಹಾಗಲಕಾಯಿ ಎದುರಿಗಿಡಿ. ಹಾಳೆ ನೋಡದೆ, ಪೆನ್ಸಿಲ್ ಎತ್ತದೆ, ಕಣ್ಣು ಅಂಚಿನ ಮೇಲೆ ಹೋದ ಹಾಗೆ ಕೈಯೂ ಹೋಗಲಿ. ಚಿತ್ರ ಸೊಟ್ಟ ಬರುತ್ತೆ, ಇಬ್ಬರೂ ನಗ್ತೀರಿ. ಆದರೆ ಒಂದೊಂದು ಗುಬುಟನ್ನೂ ಅವಳು ನೋಡಿರ್ತಾಳೆ. ರಬ್ಬರ್ ಮಾತ್ರ ಎತ್ತಿಡಿ.

ಇನ್ನೊಬ್ಬರು: ನಾನು ಸಾಗರದ ಕಡೆ ಪ್ರೈಮರಿ ಶಾಲೆ ಟೀಚರ್. ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ ಸರ್, ನನಗೂ ಚಿತ್ರ ಬರಲ್ಲ. ಏನು ಮಾಡ್ಲಿ?

ಉತ್ತರ: ಟೀಚರ್, ನಿಮ್ಮ ಸೀಮೆಯಲ್ಲೇ ಹಸೆ ಚಿತ್ತಾರ ಇದೆಯಲ್ಲ! ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ, ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಬರೆಯೋದು. ಶಾಲೆಯ ಯಾವುದಾದರೂ ಮಗುವಿನ ಅಜ್ಜಿಗೆ ಅದು ಬರುತ್ತಾ ವಿಚಾರಿಸಿ, ಕರೆಸಿ ಕೂರಿಸಿ. ನೀವೂ ಮಕ್ಕಳ ಸಾಲಲ್ಲೇ ಕೂತು ಕಲೀರಿ. ಎಳೆಗಳನ್ನು ಅಜ್ಜಿ ಹೇಗೆ ಎಣಿಸಿ ಎಳೀತಾರೆ ಅಂತ ಮಕ್ಕಳೇ ಕೇಳಲಿ. ಕುಂಚವನ್ನೂ ಮಕ್ಕಳ ಕೈಯಲ್ಲೇ ಮಾಡಿಸಿ, ಅರ್ಧ ಪಾಠ ಅಲ್ಲೇ ಮುಗಿಯುತ್ತೆ.