ಸಹಾಯ ಬೇಕು: ಇಳಿಜಾರಿನಲ್ಲಿ ಜಿಪ್ಸಿಯ 4ಎಲ್ ನ್ಯೂಟ್ರಲ್‌ಗೆ ಜಾರ್ತಿದೆ

ಪುಣೆಯಲ್ಲಿರೋ ಹಳೇ 1.3 ಲೀಟರ್ ಪೆಟ್ರೋಲ್ ಮಾರುತಿ ಜಿಪ್ಸಿ. ತಾಮ್ಹಿಣಿ ಘಾಟ್ ಕಡೆಯ ಕಲ್ಲುದಾರಿಯಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಲೋ ರೇಂಜ್), ಫಸ್ಟ್ ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಈ ರೇಂಜ್ ಬದಲಿಸೋ ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ಗೆ ಹಾರುತ್ತೆ. ಎಂಜಿನ್ ಬ್ರೇಕಿಂಗ್ ಪೂರ್ತಿ ಹೋಗಿ ಗಾಡಿ ಬರೀ ಬ್ರೇಕ್ ಮೇಲೆ ನಿಲ್ಲಬೇಕು. ಮಳೆಗಾಲದ ಕೆಸರಲ್ಲಿ ಇದು ನಿಜಕ್ಕೂ ಅಪಾಯ. ಏರುವಾಗ ಎಷ್ಟು ಲೋಡ್ ಬಿದ್ದರೂ ಜಾರಲ್ಲ.

ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸಿನ ಶಕ್ತಿಯನ್ನ ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆ) ಮೂರೂ ರಬ್ಬರ್ ಮೌಂಟ್, ಶಿಫ್ಟ್ ಶಾಫ್ಟಿನ ಲಾಕ್ ಬಾಲ್, ಸ್ಪ್ರಿಂಗ್ ಎಲ್ಲಾ ಹೊಸದು. ಗೇರ್ ಆಯಿಲ್ ಬದಲಾಗಿದೆ, ಹಳೇದರಲ್ಲಿ ಲೋಹದ ಚೂರು ಕಾಣಲಿಲ್ಲ. ಲಿವರ್ ಅದರ ಬುಡದ ರಬ್ಬರ್ ಬೂಟಿಗೆ ತಾಗ್ತಿಲ್ಲ, 4ಎಲ್ ಜಾಗದಲ್ಲಿ ಪೂರ್ತಿ ಕೂರ್ತಿದೆ.

ಗೊಂದಲ ಇಲ್ಲೇ. ಒಂದೇ ದಿಕ್ಕಿನ ಒತ್ತಡಕ್ಕೆ ಜಾರೋದ್ರಿಂದ ಲೋ ಗೇರಿನ ಹಲ್ಲು ಒಂದು ಬದಿ ಸವೆದಿದೆ ಅನ್ನಿಸುತ್ತೆ. ಮೆಕ್ಯಾನಿಕ್ ಮಾತ್ರ ಶಿಫ್ಟ್ ಫೋರ್ಕ್ (ಗೇರ್ ಕೂಡಿಸೋ ಸ್ಲೀವನ್ನ ಸರಿಸೋ ಕವಲು) ಬದಲಿಸಿದ್ರೆ ಸಾಕು ಅಂತಾರೆ. ಕೇಸ್ ಇಳಿಸೋ ಮೊದಲೇ ಎರಡರಲ್ಲಿ ಯಾವುದು ಅಂತ ಪತ್ತೆ ಹಚ್ಚೋದು ಹೇಗೆ? ಅಥವಾ ಫೋರ್ಕ್, ಸ್ಲೀವ್, ಲೋ ಗೇರ್ ಮೂರನ್ನೂ ಒಟ್ಟಿಗೇ ಬದಲಿಸಬೇಕಾ?