ಸಹಾಯ ಬೇಕು: ಅಮ್ಮನ ಸೋಡಿಯಂ ಏರ್ತಿಲ್ಲ, ಈಗ ಮೂಳೆಯೂ ಮುರಿದಿದೆ

ನಾವು ಡೊಂಬಿವಲಿಯಲ್ಲಿದ್ದೇವೆ. ಅಮ್ಮನಿಗೆ 71. ಎರಡು ವರ್ಷದಿಂದ ರಕ್ತದ ಸೋಡಿಯಂ 128, 130 ಅಂತ ಅಲ್ಲೇ ಆಡುತ್ತಿದೆ. 135 ಆದರೂ ಇರಬೇಕು, ಅಲ್ವಾ? ಹೋದ ತಿಂಗಳು ಬಚ್ಚಲ ಹೊಸ್ತಿಲಲ್ಲಿ ಜೋಲಿ ತಪ್ಪಿ ಕೈ ಊರಿದರು. ಅಷ್ಟಕ್ಕೇ ಮಣಿಕಟ್ಟು ಲಟಕ್ ಅಂತು. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.9, ಅಂದರೆ ಮೂಳೆ ಟೊಳ್ಳಾಗಿದೆ.

ಮೂಳೆ ಡಾಕ್ಟರು ಕ್ಯಾಲ್ಸಿಯಂ ಬರೆದು, ಸೋಡಿಯಂ ನಮ್ಮದಲ್ಲ ಅಂದರು. ಫಿಸಿಷಿಯನ್, ಸೋಡಿಯಂ ಇಳಿಸಬಲ್ಲ ಬಿಪಿಯ ಥಯಜೈಡ್ ಮಾತ್ರೆ ಬದಲಿಸಿ, ನೀರು ಕಡಿಮೆ ಮಾಡಿಸಿದರು. ಈಗ 132. ನಾನು ಸುಮ್ನೆ ಉಪ್ಪಿನಕಾಯಿ ಜಾಸ್ತಿ ಬಡಿಸಿದ್ದು ಪೆದ್ದುತನ, ಬಿಪಿ ಏರಿತಷ್ಟೇ.

ಮೈಯ ಸೋಡಿಯಂನ ಸುಮಾರು ಮೂರನೇ ಒಂದು ಪಾಲು ಮೂಳೆಯಲ್ಲಿರುತ್ತದೆ, ಬಹಳ ಕಾಲ ಕಡಿಮೆಯಿದ್ದರೆ ಮೂಳೆ ಕರಗಿಸುವ ಜೀವಕೋಶಗಳು ಚುರುಕಾಗುತ್ತವೆ ಅಂತ ಓದಿದೆ. ಎರಡನ್ನೂ ಒಟ್ಟಿಗೆ ನೋಡಿಸಲು ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರು) ಹತ್ತಿರ ಹೋಗಬೇಕಾ, ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರು) ಹತ್ತಿರವಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಹೇಳಿ.