ಫ್ರೆಂಚಿನ ‘ಎಮ್‌ರೆ’ಗೆ ಎರಡು, ‘ಪಾರ್ಲರೆ’ಗೆ ಮೂರು: ಅಪವಾದವೇ, ನಿಯಮವೇ?

‘ಪ್ರೀತಿಸುವೆನು’ ಎನ್ನಲು ಫ್ರೆಂಚಿನಲ್ಲಿ ‘ಎಮ್‌ರೆ’, ‘ಮಾತನಾಡುವೆನು’ ಎನ್ನಲು ‘ಪಾರ್ಲರೆ’. ಎರಡೂ ಒಂದೇ ಗುಂಪಿನ ಕ್ರಿಯಾಪದಗಳು. ಕಾಗದದ ಮೇಲೆ ಎರಡನ್ನೂ ಮೂರು ಮೂರು ತುಂಡು ಮಾಡಬಹುದು. ಆದರೆ ಪ್ಯಾರಿಸ್ಸಿನವರ ಬಾಯಲ್ಲಿ ಮೊದಲನೆಯದು ಎರಡೇ ಉಚ್ಚಾರಾಂಶ (ಒಮ್ಮೆಗೆ ನುಡಿಯುವ ತುಂಡು, ಸಿಲಬಲ್), ಎರಡನೆಯದು ಮೂರು. ಇದು ಅಪವಾದವೇ ಎಂಬುದು ಇಲ್ಲಿನ ಪ್ರಶ್ನೆ.

ಅಲ್ಲ, ಇದು ನಿಯಮವೇ. ಎರಡರ ಕಾಗುಣಿತದಲ್ಲೂ ನಡುವೆ ‘e’ ಎಂಬ ಒಂದು ದುರ್ಬಲ ಸ್ವರವಿದೆ. ‘ಎಮ್‌ರೆ’ಯಲ್ಲಿ ಅದು ಬಿದ್ದುಹೋದರೆ ಮ, ರ ಎರಡೇ ವ್ಯಂಜನಗಳು ಒತ್ತಟ್ಟಿಗೆ ಬರುತ್ತವೆ, ನಾಲಿಗೆಗೆ ಕಷ್ಟವಿಲ್ಲ. ‘ಪಾರ್ಲರೆ’ಯಲ್ಲಿ ಬಿದ್ದರೆ ರ, ಲ, ರ ಮೂರೂ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಸ್ವರ ಉಳಿಯುತ್ತದೆ. ಭಾಷಾವಿಜ್ಞಾನಿ ಮೊರಿಸ್ ಗ್ರಾಮೊಂ ಇದನ್ನೇ ಮೂರು ವ್ಯಂಜನಗಳ ನಿಯಮವೆಂದು ಕರೆದರು. ‘ಮಾಡುತ್ತೇನೆ’ಯ ಉಕಾರವನ್ನು ಮಾತಿನಲ್ಲಿ ನುಂಗುವ ನಮಗೆ ಇದು ಹೊಸದೇನಲ್ಲ.

ಕಾಗದದ ಮೇಲೆ ಮೂರು, ಬಾಯಲ್ಲಿ ಎರಡು ಎಂಬ ಗೊಂದಲದ ಮೂಲ ಬೇರೆ ಇದೆ. ಸಾಲಿನ ಕೊನೆಯಲ್ಲಿ ಪದ ಒಡೆಯುವುದು ಮುದ್ರಣದ ಕ್ರಮ, ಅದು ಕಾಗುಣಿತವನ್ನು ನೋಡುತ್ತದೆ. ‘ಕೊಡು’ ಎಂಬರ್ಥದ ಕ್ರಿಯಾಪದವನ್ನು ಅಚ್ಚಿನಲ್ಲಿ ಎರಡು ನಕಾರಗಳ ನಡುವೆ ಒಡೆಯುತ್ತಾರೆ. ಬಾಯಲ್ಲಿ ಇರುವುದು ‘ದೊ-ನೆ’, ಒಂದೇ ನಕಾರ. ಅಚ್ಚಿನ ಗೆರೆಯನ್ನು ಉಚ್ಚಾರಣೆಗೆ ಹಚ್ಚಬಾರದು.

ಬಹುವಚನದ ಕೊನೆಯ ‘ಇ-ಎನ್-ಟಿ’ ಇನ್ನೂ ಹೆಚ್ಚು ಜನರನ್ನು ಎಡವಿಸುತ್ತದೆ. ಕ್ರಿಯಾಪದದ ಪ್ರತ್ಯಯವಾಗಿ ಬಂದಾಗ ಅದು ಪೂರ್ತಿ ಮೂಕ. ನಾಮಪದದ ಕೊನೆಯಲ್ಲಿ ಬಂದರೆ ‘ಆಂ’ ಎಂಬ ಅನುನಾಸಿಕ. ಫ್ರೆಂಚರೇ ಇದಕ್ಕೊಂದು ವಾಕ್ಯ ಇಟ್ಟುಕೊಂಡಿದ್ದಾರೆ: ‘ಲೆ ಪೂಲ್ ದ್ಯು ಕುವಾಂ ಕೂವ್’, ಅಂದರೆ ಕಾನ್ವೆಂಟಿನ ಕೋಳಿಗಳು ಕಾವು ಕೂರುತ್ತವೆ. ‘ಕುವಾಂ’, ‘ಕೂವ್’ ಎರಡರ ಕಾಗುಣಿತವೂ ಅಕ್ಷರಶಃ ಒಂದೇ! ಮೊದಲನೆಯದು ನಾಮಪದ, ಎರಡು ಉಚ್ಚಾರಾಂಶ; ಎರಡನೆಯದು ಕ್ರಿಯಾಪದ, ಒಂದೇ. ವ್ಯಾಕರಣ ತಿಳಿಯದೆ ಓದಲು ಬಾರದ ವಾಕ್ಯವಿದು.

ಹಾಗಾದರೆ ಬಹುವಚನ ಕಿವಿಗೆ ತಿಳಿಯುವುದು ಹೇಗೆ? ಸ್ವರದಿಂದ ಆರಂಭವಾಗುವ ಕ್ರಿಯಾಪದವಾದರೆ ಸಂಧಿಯಿಂದ. ‘ಅವನು ಪ್ರೀತಿಸುತ್ತಾನೆ’ ಎಂಬುದು ‘ಇ-ಲೆಮ್’. ‘ಅವರು ಪ್ರೀತಿಸುತ್ತಾರೆ’ ಎಂಬುದು ‘ಇಲ್-ಜ಼ೆಮ್’. ಸರ್ವನಾಮದ ಕೊನೆಯ ಮೂಕ ಸಕಾರ ‘ಜ಼’ ಆಗಿ ಎಚ್ಚೆತ್ತು ಮುಂದಿನ ಪದದ ಉಚ್ಚಾರಾಂಶಕ್ಕೆ ಸೇರುತ್ತದೆ. ವ್ಯಂಜನದಿಂದ ಆರಂಭವಾದರೆ ಆ ಸುಳಿವೂ ಇಲ್ಲ: ‘ಇಲ್ ಪಾರ್ಲ್’ ಎಂದರೆ ಅವನೂ ಆಗಬಹುದು, ಅವರೂ ಆಗಬಹುದು.

ಆದ್ದರಿಂದ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಕೊಡುವವರು ಸರ್ವನಾಮವನ್ನೂ ಸೇರಿಸಿಯೇ ಬರೆಯಬೇಕು, ಕೊನೆಯ ವ್ಯಂಜನವನ್ನು ಅರ್ಧಾಕ್ಷರವಾಗಿಯೇ ಬಿಡಬೇಕು. ತುಲೂಸ್, ಮಾರ್ಸೇಯ ಕಡೆಯ ದಕ್ಷಿಣದವರು ಮಾತ್ರ ದುರ್ಬಲ ಸ್ವರವನ್ನು ಇಂದಿಗೂ ನುಡಿಯುತ್ತಾರೆ. ಅವರ ಬಾಯಲ್ಲಿ ‘ಎ-ಮ-ರೆ’ ಕೇಳಿಸಿದರೆ ತಿದ್ದಲು ಹೋಗಬೇಡಿ.